ಕ್ಯೂಗೆ ಮೂವತ್ತು ಸಾವಿರ, ಕುರ್ಚಿ ಬಿಟ್ಟಿ

ಏನ್ ರಾಯರೇ, ನಿನ್ನೆ ಕೊರಿಯರ್‌ನವನು ತಂದುಕೊಟ್ಟ ಆ ಉದ್ದನೆ ಪೆಟ್ಟಿಗೇಲಿ ನಿಮ್ಮ ಮಗ ತರಿಸಿದ ಪೂಲ್ ಆಡೋ ಕ್ಯೂ ಇತ್ತಂತೆ, ಹೌದಾ? 30,000 ರೂಪಾಯಿನಾ! ಇರಲಿ ಬಿಡಿ, ಈಗಿನ ಹುಡುಗರು ಫೋನಿಗೆ ಅದಕ್ಕಿಂತ ಹೆಚ್ಚು ಸುರೀತಾರೆ. ಆದ್ರೂ ಬಿಡುವಾಗಿದ್ರೆ ಸ್ವಲ್ಪ ಕಾಂಪೌಂಡ್ ಹತ್ರ ಬನ್ನಿ. ಈ ವಿಷಯ ಬಂದ್ರೆ ಬಾಯಿ ಮುಚ್ಕೊಂಡಿರೋದು ನನ್ನಿಂದಾಗೋ ಕೆಲಸ ಅಲ್ಲ. ಆಫೀಸು ಬಿಟ್ಟ ಮೇಲೆ ಕ್ಲಬ್ಬಿನ ಬಿಲಿಯರ್ಡ್ಸ್ ರೂಮು ಹೊಕ್ಕು ಬರದೆ ನಾನು ಮನೆ ಸೇರಿದ್ದು ಕಮ್ಮಿ. ನಮ್ಮನೆಯವಳು ಇವತ್ತಿಗೂ ಅದನ್ನು ಎತ್ತಿ ಆಡ್ತಾಳೆ.

ಅಷ್ಟುದ್ದದ ಕ್ಯೂನಲ್ಲಿ ಬಾಲಿಗೆ ತಾಗೋದು ಎಷ್ಟು ಹೇಳಿ? ತುದಿಗೆ ಅಂಟಿಸಿರೋ ಚರ್ಮದ ಬಿಲ್ಲೆ ಅಷ್ಟೆ. ಟಿಪ್ ಅಂತಾರೆ, ಪೂಲ್ ಕ್ಯೂನಲ್ಲಿ ಸಾಮಾನ್ಯವಾಗಿ 12ರಿಂದ 13 ಮಿಲಿಮೀಟರ್ ಅಗಲ. ಅದೂ ತಾಗಿರೋದು ಸೆಕೆಂಡಿನ ಸಾವಿರದಲ್ಲೊಂದು ಪಾಲು ಹೊತ್ತು. ಕಾರ್ಬನ್ ಫೈಬರು, ಹಿಡಿ ಮೇಲಿನ ಚಿತ್ತಾರ ಎಲ್ಲ ಆ ಟಿಪ್ಪಿನ ಹಿಂದಿನ ಪರಿವಾರ. ಕಾರ್ಬನ್ನಿಗೊಂದು ಗುಣ ಇದೆ, ಒಪ್ಕೋತೀನಿ: ಬಿಸಿಲು ಮಳೆಗೆ ಬಾಗಲ್ಲ. ಮರದ ಕ್ಯೂನ ಬೇಸಿಗೇಲಿ ಕಾರಿನ ಡಿಕ್ಕಿಯೊಳಗೆ ಬಿಟ್ರೆ, ತಿಂಗಳುಗಟ್ಟಲೆ ಗೋಡೆಗೆ ಒರಗಿಸಿಟ್ರೆ, ಒಂದಿನ ಸೊಟ್ಟಗಾಗಿ ಕೂರುತ್ತೆ.

ಮಗ ಹೊರಗೆ ಹೋದಾಗ ಆ ತುದೀನ ಒಮ್ಮೆ ನೋಡಿ ರಾಯರೇ. ಚರ್ಮ ಉಬ್ಬಿ ಅಂಚು ದಾಟಿದೆಯಾ? ಮೇಲೆ ನುಣ್ಣಗೆ ಹೊಳೀತಿದೆಯಾ? ಹೊಳೀತಿದ್ರೆ ಅದಕ್ಕೆ ಚಾಕ್ ಕೂರಲ್ಲ. ಉಪ್ಪುಕಾಗದದಲ್ಲಿ ಮೆತ್ತಗೆ ಉಜ್ಜಿ ಒರಟು ಮಾಡಬೇಕು. ಆಕಾರಕ್ಕೂ ಒಂದು ಲೆಕ್ಕ ಇದೆ. ಅಮೆರಿಕದವರು ಅವರ ನಿಕಲ್ ನಾಣ್ಯ ಹಿಡಿದು ಅಳೀತಾರೆ. ನಮ್ಮ ಒಂದು ರೂಪಾಯಿ ನಾಣ್ಯವೂ ಹೆಚ್ಚುಕಮ್ಮಿ ಅಷ್ಟೇ. ನಾಣ್ಯದ ಅಂಚಿನ ದುಂಡೂ ಟಿಪ್ಪಿನ ದುಂಡೂ ಹೊಂದಿಕೊಂಡ್ರೆ ಆಯ್ತು. ಚಪ್ಪಟೆ ಟಿಪ್ಪಲ್ಲಿ ಬಾಲಿನ ಪಕ್ಕಕ್ಕೆ ಹೊಡೆದು ಸ್ಪಿನ್ ಕೊಡೋಕೆ ಹೋದ್ರೆ ಅಂಚು ತಗಲಿ ಜಾರುತ್ತೆ, ‘ಟಿಕ್’ ಅಂತ ಒಂದು ಕೆಟ್ಟ ಶಬ್ದ ಬರುತ್ತೆ. ಮಿಸ್‌ಕ್ಯೂ. ಪಕ್ಕದ ಟೇಬಲ್‌ನವರೂ ತಿರುಗಿ ನೋಡ್ತಾರೆ.

ಈ ಚರ್ಮದ ಟಿಪ್ ತಂದವನು ಮಿಂಗೋ ಅಂತ ಫ್ರಾನ್ಸಿನ ಸೈನ್ಯದ ಕ್ಯಾಪ್ಟನ್ ಅಂತಾರೆ. ಜೈಲಲ್ಲಿ ಕೂತು ಅದನ್ನೇ ಅಭ್ಯಾಸ ಮಾಡಿದನಂತೆ, ಹತ್ತೊಂಬತ್ತನೇ ಶತಮಾನದ ಶುರುವಲ್ಲಿ ಹೊರಗೆ ಬಂದನಂತೆ. ಮುಂದೆ ಹೋದ ಬಾಲು ತಿರುಗಿ ಹೊಡೆದವನ ಕಡೆಗೇ ಬಂದಾಗ ಜನ ದೆವ್ವ ಹಿಡಿದಿದೆ ಅಂದ್ರು ಅಂತ ಕಥೆ. ಕಥೆ ಎಷ್ಟು ನಿಜವೋ, ಹೇಳೋಕೆ ಚೆನ್ನಾಗಿದೆ.

ಇನ್ನು ಚಾಕ್. ಹೆಸರಿಗೆ ಚಾಕ್, ಒಳಗೆ ಸುಣ್ಣ ಇಲ್ಲ. ಸ್ಪಿಂಕ್ಸ್, ಹಾಸ್ಕಿನ್ಸ್ ಅಂತ ಇಬ್ಬರು ಅಮೆರಿಕದವರು 1897ರಲ್ಲಿ ಅದಕ್ಕೆ ಪೇಟೆಂಟ್ ತಗೊಂಡ್ರು. ಬೆಣಚುಕಲ್ಲಿನ ನುಣ್ಣನೆ ಪುಡಿ, ಉಜ್ಜೋ ಕಲ್ಲಿನ ಪುಡಿ, ಮೇಲೆ ಬಣ್ಣ. ಯಾವ ಪಾರ್ಲರ್‌ಗೆ ಬೇಕಾದ್ರೂ ಹೋಗಿ, ಅಲ್ಲಿರೋ ಚಾಕ್ ಎತ್ತಿ ನೋಡಿ. ನಡುವೆ ಬಾವಿ ತೋಡಿರ್ತಾರೆ, ಸುತ್ತ ನಾಲ್ಕು ಗೋಡೆ ಮಾತ್ರ ಉಳಿದಿರುತ್ತೆ. ಕ್ಯೂ ಒಳಗೆ ತುರುಕಿ ಗಿರಗಿರ ತಿರುಗಿಸಿದ್ದಕ್ಕೆ ಆ ಗತಿ. ಹಾಗೆ ಮಾಡಿದ್ರೆ ಚಾಕ್ ಟಿಪ್ಪಿನ ಕೆಳಗಿನ ಪಟ್ಟಿಗೆ ಮೆತ್ತುತ್ತೆ, ಬೇಕಾದ ಜಾಗಕ್ಕೆ ಬರಲ್ಲ. ಹಣೆಗೆ ವಿಭೂತಿ ಎಳೆದ ಹಾಗೆ ಹಗುರವಾಗಿ ಎಳೀಬೇಕು, ಪ್ರತಿ ಹೊಡೆತಕ್ಕೂ ಮುಂಚೆ. ಆಮೇಲೆ ಮೆತ್ತಿದ ಮುಖ ಮೇಲೆ ಮಾಡಿ ಇಡಬೇಕು, ಇಲ್ಲದಿದ್ರೆ ಮುಂದಿನವನ ತೋಳೆಲ್ಲ ನೀಲಿ.

ಕೈಗೆ ಪೌಡರ್ ಬಳಿಯೋ ಚಟ ನಿಮ್ಮ ಮಗನಿಗೂ ಇದೆಯಾ? ಮಂಗಳೂರು, ಉಡುಪಿ ಕಡೆ ಬೆವರಿಗೆ ಬೇರೆ ದಾರಿ ಇಲ್ಲ ಅಂತಾರೆ, ನಿಜ. ಆದ್ರೆ ಟೇಬಲ್ ಬಟ್ಟೆ ಮೇಲೆಲ್ಲ ಬಿಳಿ ಕೈಗುರುತು. ಮೂರು ಬೆರಳಿನ ಗ್ಲೌಸ್ ಬರುತ್ತೆ, ಅದು ವಾಸಿ. ಗ್ಲೌಸೂ ಬೇಡ ಅಂದ್ರೆ ಸೋಪು ಹಾಕಿ ಕೈ ತೊಳೆದು ಒರೆಸಿಕೊಂಡು ಬರಲಿ. ಮಸಾಲೆಪುರಿ ತಿಂದ ಕೈಯಲ್ಲಿ ಕ್ಯೂ ಹಿಡಿದು, ಆಮೇಲೆ ಶಾಫ್ಟ್ ಜಾರ್ತಾ ಇಲ್ಲ ಅಂದ್ರೆ ಕ್ಯೂ ಏನು ಮಾಡುತ್ತೆ?

ಇನ್ನೊಂದು, ಸ್ನೂಕರ್ ಕ್ಯೂನಲ್ಲಿ ಪೂಲ್ ಬ್ರೇಕ್, ಅಂದ್ರೆ ಆಟ ಶುರುಮಾಡೋ ಹೊಡೆತ, ಹೊಡೀಬಾರದು. ನಮ್ಮ ಕಡೆ ಸ್ನೂಕರ್ ಟೇಬಲ್ಲೇ ಮೊದಲು ಬಂದದ್ದು. ಆ ಆಟ ಹುಟ್ಟಿದ್ದೇ 1875ರಲ್ಲಿ ಜಬಲ್ಪುರದ ಸೈನಿಕರ ಮೆಸ್ಸಲ್ಲಿ, ನಿಯಮ ಗಟ್ಟಿಯಾದದ್ದು ನಮ್ಮ ಪಕ್ಕದ ಊಟಿಯಲ್ಲಿ. ಹಾಗಾಗಿ ಹಳಬರ ಕೈಲೆಲ್ಲ ಸಪೂರ ತುದಿಯ ಕ್ಯೂ. ಸ್ನೂಕರ್ ಬಾಲು 52.5 ಮಿಲಿಮೀಟರ್, ಪೂಲ್ ಬಾಲು 57, ತೂಕವೂ ಹೆಚ್ಚು. ಗಟ್ಟಿಯಾಗಿ ಬಾರಿಸಿದ್ರೆ ಸಪೂರ ಟಿಪ್ ಚಪ್ಪಟೆ. ನಿಮ್ಮ ಮಗನೂ ಬ್ರೇಕಿಗೆ ಪಾರ್ಲರಿನ ಕ್ಯೂನೇ ತಗೊಳ್ಳಲಿ. ಅದಕ್ಕೆ ಹೇಗೂ ಹೇಳೋರು ಕೇಳೋರು ಇಲ್ಲ.

ಕ್ಯೂ ಮಾತು ಬಿಡಿ. ಆಡೋನನ್ನು ಅಳೀಬೇಕಾದ್ರೆ ನಾನು ಅವನು ಕುರ್ಚೀಲಿ ಕೂತಾಗ ನೋಡ್ತೀನಿ. ಈ ಆಟದಲ್ಲಿ ಎದುರಾಳಿ ಟೇಬಲ್ ಹತ್ರ ನಿಂತ ಅಂದ್ರೆ, ಅವನು ತಪ್ಪೋವರೆಗೂ ನಿಮಗೆ ಮಾಡೋಕೆ ಏನೂ ಇಲ್ಲ. ಸುಮ್ಮನೆ ಕೂರಬೇಕು. ಅದೇ ಆಗಲ್ಲ ಜನಕ್ಕೆ. ಒಬ್ಬ ಸರಿಯಾಗಿ ಹೊಡೆಯೋ ಹೊತ್ತಿಗೇ ಕಿರ್‍ರ್ ಅಂತ ಚಾಕ್ ಉಜ್ತಾನೆ. ಇನ್ನೊಬ್ಬ ಬಾಲು ಬೀಳಬೇಕಾದ ಪಾಕೆಟ್ಟಿನ ಹಿಂದೆಯೇ ಬಂದು ನಿಂತ್ಕೋತಾನೆ. ಮತ್ತೊಬ್ಬನ ಬಾಯಲ್ಲಿ ‘ಲಕ್ಕು, ಲಕ್ಕು’. ತನಗೆ ಬಿದ್ದ ಫ್ಲೂಕ್ ಮಾತ್ರ ಲೆಕ್ಕ ಹಾಕಿ ಹೊಡೆದದ್ದು! ನಮ್ಮ ಬಿಲಿಯರ್ಡ್ಸ್ ರೂಮಿನ ಪದ್ಧತಿ ಬೇರೆ: ಫ್ಲೂಕ್ ಬಿದ್ರೆ ಕೈ ಎತ್ತಿ ಸಾರಿ ಅನ್ನಬೇಕು, ಅಂಗಿ ತೋಳು ಬಾಲಿಗೆ ತಗಲಿದ್ರೆ ಯಾರೂ ನೋಡದಿದ್ರೂ ತಾನೇ ಫೌಲ್ ಅನ್ನಬೇಕು. ಮಾರ್ಕರ್ ಮೂಲೇಲಿ ಸ್ಕೋರ್ ಬರೀತಾ ನಿಂತಿರ್ತಿದ್ದ. ಆಟ ಸೋತವನ ಮೇಲೆ ಅವನಿಗೆ ತಾತ್ಸಾರ ಇರ್ತಿರಲಿಲ್ಲ, ಫೌಲ್ ಮುಚ್ಚಿಟ್ಟವನಿಗೆ ಮಾತ್ರ ಮುಂದಿನ ಸಲ ಕೇಳಿದ ಟೇಬಲ್ ಸಿಗ್ತಿರಲಿಲ್ಲ.

ಕುರ್ಚೀಲಿ ಕೂತವನಿಗೆ ಕೆಲಸ ಇಲ್ಲ ಅಂತಲ್ಲ. ಟೇಬಲ್ ಯಾವ ಕಡೆ ಎಳೀತಿದೆ, ಯಾವ ಕುಷನ್ ಸತ್ತಿದೆ, ಮಳೆ ದಿನ ಬಟ್ಟೆ ತೇವ ಕುಡಿದು ಬಾಲು ಎಲ್ಲಿ ನಿಲ್ತಿದೆ, ಎಲ್ಲ ಎದುರಾಳಿಯ ಖರ್ಚಲ್ಲಿ ತಿಳಿದುಹೋಗುತ್ತೆ. ಫೋನ್ ನೋಡ್ತಾ ಕೂತವನು ಅದನ್ನ ತನ್ನ ಹೊಡೆತ ಕಳ್ಕೊಂಡು ಕಲೀಬೇಕು.

ಫಿಲಿಪ್ಪೀನ್ಸಿನ ಎಫ್ರೆನ್ ರೇಯೆಸ್ ಹೆಸರು ನಿಮ್ಮ ಮಗನಿಗೆ ಗೊತ್ತಿರುತ್ತೆ, 1999ರಲ್ಲಿ ನೈನ್‌ಬಾಲ್ ವಿಶ್ವ ಚಾಂಪಿಯನ್. ಚಿಕ್ಕವನಿದ್ದಾಗ ಮನಿಲಾದಲ್ಲಿ ಮಾವನ ಪೂಲ್ ಹಾಲಲ್ಲಿ ಬೆಳೆದ. ಟೇಬಲ್ ಎಟುಕದೆ ಕೋಕಾಕೋಲಾ ಕ್ರೇಟ್ ಮೇಲೆ ಹತ್ತಿ ಆಡ್ತಿದ್ದ, ರಾತ್ರಿ ಅದೇ ಟೇಬಲ್ ಮೇಲೆ ಮಲಗ್ತಿದ್ದ. ಅಷ್ಟು ದೂರ ಯಾಕೆ, ಪಂಕಜ್ ಅಡ್ವಾಣಿ ಪಳಗಿದ್ದು ನಮ್ಮ ಬೆಂಗಳೂರಲ್ಲೇ, ಅರವಿಂದ್ ಸವೂರ್ ಕೈಕೆಳಗೆ. ಬಿಲಿಯರ್ಡ್ಸ್, ಸ್ನೂಕರ್ ಸೇರಿ ಪಂಕಜ್ ಗೆದ್ದ ವಿಶ್ವ ಪ್ರಶಸ್ತಿ 25 ದಾಟಿವೆ. ಅವರ ವಿಡಿಯೊ ನೋಡೋವಾಗ ಹೊಡೆತ ಮಾತ್ರ ನೋಡಿ ಎದ್ದುಬಿಡಬೇಡ, ಎರಡು ಹೊಡೆತದ ನಡುವೆ ಏನ್ ಮಾಡ್ತಾರೆ ನೋಡು ಅನ್ನಿ ಮಗನಿಗೆ.

ಕಾಸಿಲ್ಲದ ಅಭ್ಯಾಸ ಒಂದಿದೆ, ಅದನ್ನೂ ಹೇಳಿ. ಬಿಳಿ ಬಾಲನ್ನು ಟೇಬಲ್ಲಿನ ನಡುಗೆರೆ ಮೇಲಿಟ್ಟು ನೆಟ್ಟಗೆ ಎದುರು ಕುಷನ್‌ಗೆ ಹೊಡೀಬೇಕು, ಕ್ಯೂ ಚಾಚಿದಲ್ಲೇ ಇಟ್ಕೊಂಡಿರಬೇಕು. ಬಾಲು ತಿರುಗಿ ಬಂದು ಟಿಪ್ಪಿಗೇ ತಗಲಿದ್ರೆ ಕೈ ನೆಟ್ಟಗಿದೆ. ಪಕ್ಕಕ್ಕೆ ಸರಿದು ಬಂದ್ರೆ ಗೊತ್ತಿಲ್ಲದೆ ಸ್ಪಿನ್ ಕೊಡ್ತಿದ್ದಾನೆ; ಅದಕ್ಕೆ 30,000ದ ಕ್ಯೂನಲ್ಲೂ ಮದ್ದಿಲ್ಲ.

ಪಾರ್ಲರಲ್ಲಿ ಟೇಬಲ್ ಚಾರ್ಜ್ ಯಾರು ಕೊಡೋದು ಗೊತ್ತಲ್ಲ? ಸೋತವನು. ಗಂಟೆ ಲೆಕ್ಕ. ಅವನು ನೆಟ್ಟಗೆ ಹೊಡೆಯೋದು ಕಲಿಯೋವರೆಗೂ ಸೋಲೋರು ನೀವೇ, ರಾಯರೇ.