ತರಗೆಲೆ ವಿಲೇವಾರಿ: ಒಂದು ಆಡಳಿತಶಾಸ್ತ್ರೀಯ ಜಿಜ್ಞಾಸೆ

ಮರದಿಂದ ಉದುರಿದ ಎಲೆ ಕೊಳೆಯುತ್ತದೆ ಎಂಬುದು ಸಸ್ಯಶಾಸ್ತ್ರಜ್ಞರು ಬಹುಕಾಲದಿಂದ ಹಬ್ಬಿಸುತ್ತ ಬಂದಿರುವ ತಪ್ಪು ಅಭಿಪ್ರಾಯ. ಎಲೆ ಕೊಳೆಯುವುದಿಲ್ಲ; ವಿಲೇವಾರಿಯಾಗುತ್ತದೆ. ಕಾಡಿನ ನೆಲವೂ ಹಳ್ಳದ ತಳವೂ ಸರ್ಕಾರಿ ಕಚೇರಿಗಳೆಂದು, ತರಗೆಲೆಯೇ ಅಲ್ಲಿಯ ಕಡತವೆಂದು ಸಾಧಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಇದು ಬರೀ ಉಪಮಾಲಂಕಾರ ಎಂದು ಬದಿಗೆ ಸರಿಸುವವರು ಮೊದಲು ದ್ರವ್ಯಪರೀಕ್ಷೆ ಮಾಡಿ ನೋಡಲಿ. ಹಿಂದಿನವರು ಲೆಕ್ಕಪತ್ರ ಬರೆದದ್ದು ಓಲೆಗರಿಯ ಮೇಲೆ, ಅಂದರೆ ಸಾಕ್ಷಾತ್ ಎಲೆಯ ಮೇಲೆ. ಆಮೇಲೆ ಬಂದದ್ದು ಹುಣಿಸೆಬೀಜದ ಅಂಟು ಮತ್ತು ಇದ್ದಿಲು ಬಳಿದ ಬಟ್ಟೆಯ ಕಡತ. ಹತ್ತಿಬಟ್ಟೆ ಬಹುಪಾಲು ಸೆಲ್ಯುಲೋಸ್. ಈಗಿನ ಕಾಗದವೂ ಅದೇ ಸೆಲ್ಯುಲೋಸ್. ಈ ಅಭೇದವನ್ನು ಎರೆಹುಳು ಎಂದೋ ಮನಗಂಡಿದೆ. ಚಾರ್ಲ್ಸ್ ಡಾರ್ವಿನ್ 1881ರ ತನ್ನ ಎರೆಹುಳುಗಳ ಪುಸ್ತಕದಲ್ಲಿ ಈ ಪ್ರಯೋಗವನ್ನು ವಿವರವಾಗಿ ಬರೆದಿದ್ದಾನೆ: ಕಾಗದವನ್ನು ಉದ್ದನೆಯ ತ್ರಿಕೋನಗಳಾಗಿ ಕತ್ತರಿಸಿ, ಇಬ್ಬನಿಗೆ ನೆನೆದು ಮುದ್ದೆಯಾಗದಂತೆ ಎರಡೂ ಬದಿಗೆ ಕೊಬ್ಬು ಸವರಿ ಹುಳುಗಳ ಮುಂದಿಟ್ಟ. ಬಿಲದೊಳಕ್ಕೆ ಎಳೆದೊಯ್ದ 303 ತ್ರಿಕೋನಗಳಲ್ಲಿ ನೂರಕ್ಕೆ 62ನ್ನು ಹುಳುಗಳು ಎಲೆಯನ್ನು ಹಿಡಿಯುವ ಹಾಗೆಯೇ ಚೂಪುತುದಿ ಹಿಡಿದು ಎಳೆದಿದ್ದವು. ಗೆದ್ದಲಂತೂ ಕಾಡಿನಲ್ಲೂ ರೆಕಾರ್ಡ್ ರೂಮಿನಲ್ಲೂ ಏಕಕಾಲಕ್ಕೆ ಹಾಜರಾತಿ ಹಾಕುವ ನೌಕರ. ಇಬ್ಬರು ತಜ್ಞರ ಈ ಒಮ್ಮತದ ಮುಂದೆ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ಕಾರ್ಯವಿಧಾನ. ಎಲೆ ಹಳ್ಳಕ್ಕೆ ಬಿದ್ದ ಒಂದೆರಡು ದಿನಗಳಲ್ಲೇ ಅದರಲ್ಲಿರುವ ಸಕ್ಕರೆ, ಪೊಟ್ಯಾಸಿಯಂ, ಒಗರು ಎಲ್ಲ ನೀರಿಗೆ ಬಿಟ್ಟುಕೊಳ್ಳುತ್ತವೆ. ಕೆಲವು ಜಾತಿಯ ಎಲೆಗಳು ಒಣತೂಕದ ಕಾಲುಭಾಗದವರೆಗೆ ಹೀಗೆ ಕಳೆದುಕೊಳ್ಳುತ್ತವೆ. ಇದು ಟಪ್ಪಾಲು ವಿಭಾಗ. ಆವಕ ವಹಿಯಲ್ಲಿ ದಾಖಲಿಸಿ ಮುದ್ರೆ ಒತ್ತುವ ಕೆಲಸ ಎಲ್ಲ ಕಚೇರಿಗಳಲ್ಲೂ ಚುರುಕಾಗಿಯೇ ನಡೆಯುತ್ತದೆ. ಅರ್ಜಿದಾರ ಮೋಸಹೋಗುವುದು ಇಲ್ಲೇ. ಅಲ್ಲಿಂದಾಚೆ ಎಲೆ ಸುಮ್ಮನೆ ಬಿದ್ದಿರುತ್ತದೆ. ಹುಳುಹುಪ್ಪಟೆ ಸುತ್ತ ಸುಳಿದಾಡಿದರೂ ಬಾಯಿ ಹಾಕುವುದಿಲ್ಲ, ಏಕೆಂದರೆ ಶಿಲೀಂಧ್ರದ ಟಿಪ್ಪಣಿ ಇನ್ನೂ ಆಗಿಲ್ಲ. ಹಳ್ಳದಲ್ಲಿ ಈ ಟಿಪ್ಪಣಿ ಬರೆಯುವ ಜಲಶಿಲೀಂಧ್ರಗಳನ್ನು 1942ರಲ್ಲಿ ಇಂಗ್ಲೆಂಡಿನ ಇಂಗೋಲ್ಡ್ ವಿವರಿಸಿದ. ನಮ್ಮಲ್ಲಿ ಮಂಗಳೂರು ವಿಶ್ವವಿದ್ಯಾಲಯದವರು ಕೊಣಾಜೆಯ ತೊರೆಯಲ್ಲೂ ಪಶ್ಚಿಮ ಘಟ್ಟದ ಇತರ ಹೊಳೆಗಳಲ್ಲೂ ಇವನ್ನು ಹುಡುಕಿ ಪಟ್ಟಿ ಮಾಡಿದರು. ಬಂಡೆಯ ಮಗ್ಗುಲಲ್ಲಿ ಕಟ್ಟಿದ ನೊರೆಯ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಅವುಗಳ ಬೀಜಾಣು ಕಾಣಿಸುತ್ತದೆ. ಅನೇಕ ಜಾತಿಗಳಲ್ಲಿ ಅದಕ್ಕೆ ನಾಲ್ಕು ತೋಳು. ಮೂರನ್ನು ಎಲೆಗೆ ಊರಿ, ಒಂದನ್ನು ಮೇಲೆತ್ತಿಕೊಂಡು ಹರಿವ ನೀರಿನಲ್ಲೂ ಕದಲದೆ ಕೂರುತ್ತದೆ. ಕುರ್ಚಿ ಹಿಡಿದು ಕೂರುವ ಕಲೆಯ ಮೂಲ ಯಾವುದೆಂದು ಇನ್ನು ಯಾರೂ ಕೇಳಬೇಕಾಗಿಲ್ಲ.

ಟಿಪ್ಪಣಿಯಾದ ಮೇಲೆ ಕಡತ ವಿಷಯ ನಿರ್ವಾಹಕರ ಕೈಗೆ ಬರುತ್ತದೆ. ಎಲೆಚೂರು, ಮರಳುಕಣ ಸೇರಿಸಿ ಹೆಣೆದ ಗೂಡಿನಲ್ಲೇ ವಾಸಿಸುವ ಕ್ಯಾಡಿಸ್ ನೊಣದ ಮರಿಹುಳು ಇವರಲ್ಲಿ ಪ್ರಮುಖ. ಕಚೇರಿಯ ಸಾಮಗ್ರಿಯಲ್ಲೇ ವಸತಿಗೃಹ ಕಟ್ಟಿಕೊಂಡಿದ್ದಕ್ಕೆ ಲೆಕ್ಕಪರಿಶೋಧಕರು ಇನ್ನೂ ಆಕ್ಷೇಪಣೆ ಎತ್ತಿಲ್ಲ. ಇದು ಎಲೆಯನ್ನು ಹರಿದು ತಿನ್ನುತ್ತದೆ, ಆದರೆ ತಿಂದದ್ದರಲ್ಲಿ ಬಹುಪಾಲು ಮೈಗೆ ಹತ್ತದೆ ಹಿಕ್ಕೆಯಾಗಿ ಹೊರಬಿದ್ದು ಕೆಳಕ್ಕೆ ಹರಿದುಹೋಗುತ್ತದೆ. ಕೆಳಗೆ ಬಲೆ ಹೆಣೆದು ಕಾದಿರುವ ಹುಳುಗಳು ಅದನ್ನೇ ಸೋಸಿ ತಿಂದು ಇನ್ನಷ್ಟು ಸಣ್ಣದಾಗಿಸಿ ಮುಂದಕ್ಕೆ ಬಿಡುತ್ತವೆ. ತೊರೆಯ ತಲೆಯಲ್ಲಿ ಇಡೀ ಎಲೆ, ನಡುವೆ ಚೂರು, ಬಯಲಿಗಿಳಿದಾಗ ಪುಡಿ ಎಂಬ ಈ ಕ್ರಮವನ್ನು ವ್ಯಾನೋಟ್ ಮತ್ತು ಸಂಗಡಿಗರು 1980ರಲ್ಲಿ ನದಿಯ ನಿರಂತರತೆಯ ತತ್ತ್ವವೆಂದು ಮಂಡಿಸಿದರು. ನಮ್ಮ ಆಡಳಿತ ಭಾಷೆಯಲ್ಲಿ ಇದಕ್ಕೆ ‘ಸೂಕ್ತ ಕ್ರಮಕ್ಕಾಗಿ ಅಧೀನ ಕಚೇರಿಗೆ ರವಾನಿಸಿದೆ’ ಎನ್ನುತ್ತಾರೆ.

ಇಲ್ಲಿ ಒಂದು ಪೂರ್ವಪಕ್ಷ ಏಳುತ್ತದೆ: ಕಾಡಿನಲ್ಲಿ ಲಂಚವಿಲ್ಲವಲ್ಲ, ಹಾಗಿರುವಾಗ ಅದು ಕಚೇರಿ ಹೇಗಾದೀತು? ಆಕ್ಷೇಪ ಗಂಭೀರವಾದದ್ದೇ, ಆದರೆ ಸಾರಜನಕದ ಲೆಕ್ಕ ತಿಳಿಯದವರು ಎತ್ತಿದ್ದು. ಮರ ಎಲೆ ಉದುರಿಸುವ ಮೊದಲು ಅದರಲ್ಲಿದ್ದ ಸಾರಜನಕದ ಸುಮಾರು ಅರ್ಧವನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ, ಆದ್ದರಿಂದ ಅರ್ಜಿ ಬರುವುದೇ ಬರಿಗೈಯಲ್ಲಿ. ಬರಿಗೈಯವರ ಕೆಲಸವನ್ನು ಸೂಕ್ಷ್ಮಾಣುಗಳು ಮಾಡುವುದಿಲ್ಲವೆಂದಲ್ಲ. ಬೇಕಾದ ಸಾರಜನಕವನ್ನು ಸುತ್ತಲಿನ ಮಣ್ಣಿನಿಂದಲೋ ನೀರಿನಿಂದಲೋ ವಸೂಲಿ ಮಾಡಿಕೊಂಡು ಮಾಡುತ್ತವೆ. ಹಳ್ಳಕ್ಕೆ ಬಿದ್ದ ಎಲೆಯಲ್ಲಿ ಸಾರಜನಕದ ಅಂಶ ಕಡಿಮೆಯಾಗುವ ಬದಲು ಏರುತ್ತದೆ ಎಂಬುದನ್ನು ಕೌಶಿಕ್ ಮತ್ತು ಹೈನ್ಸ್ 1971ರಲ್ಲಿ ತೋರಿಸಿಕೊಟ್ಟರು. ಒಂದು ಪಾಲು ಸಾರಜನಕಕ್ಕೆ ಇಂಗಾಲ ಹೆಚ್ಚುಕಡಿಮೆ 25-30 ಪಾಲಿಗೆ ಇಳಿಯುವವರೆಗೆ ಈ ಮೇಲುಸಂಪಾದನೆ ಬಿಡುಗಡೆಯಾಗುವುದಿಲ್ಲ. ಕೈ ಬೆಚ್ಚಗಾಗದೆ ಕಡತ ಕದಲದು ಎಂಬ ಲೋಕಾನುಭವಕ್ಕೆ ಇಷ್ಟು ನಿಖರವಾದ ಪ್ರಮಾಣವನ್ನು ಯಾವ ತನಿಖಾ ಆಯೋಗವೂ ಕೊಟ್ಟಿಲ್ಲ.

ಎರಡನೆಯ ಆಕ್ಷೇಪ ವೇಗದ್ದು. ಮಲೆನಾಡಿನಲ್ಲಿ ಮಳೆಗಾಲದ ಬಿಸಿ-ತೇವಕ್ಕೆ ಮೆತ್ತನೆಯ ಎಲೆಗಳು ಕೆಲವೇ ತಿಂಗಳಲ್ಲಿ ಮಣ್ಣಾಗುತ್ತವೆ, ಯಾವ ಕಚೇರಿಯಲ್ಲಿ ಹೀಗಾಗುತ್ತದೆ ಎಂದು ಕೇಳಬಹುದು. ಉತ್ತರ ಸರಳ: ಮಲೆನಾಡಿನ ನೆಲಕ್ಕೆ ಹವಾನಿಯಂತ್ರಣವಿಲ್ಲ. ಯುರೋಪಿನ ಉತ್ತರದ ಜೌಗುಗಳಲ್ಲಿ, ಚಳಿಯೂ ಆಮ್ಲಜನಕದ ಕೊರತೆಯೂ ಕೂಡಿದ ಕಡೆ, ಸಾವಿರಾರು ವರ್ಷಗಳ ಸಸ್ಯಾವಶೇಷ ಪೀಟ್ ಆಗಿ ಪದರ ಪದರವಾಗಿ ಕುಳಿತಿದೆ. ತಣ್ಣಗಿದ್ದು ಗಾಳಿಯಾಡದ ಕೊಠಡಿಯಲ್ಲಿ ಕಡತಕ್ಕೆ ಏನಾಗುತ್ತದೆ ಎಂಬುದನ್ನು ಅಲ್ಲಿ ಕಂಡಿದ್ದೇವೆ, ಇಲ್ಲೂ ಕಾಣುತ್ತಿದ್ದೇವೆ. ಕಡತದ ಗುಣವನ್ನೂ ಮರೆಯುವಂತಿಲ್ಲ. ಲಿಗ್ನಿನ್ ಹೆಚ್ಚಿರುವ ಎಲೆಯನ್ನು ಮುರಿಯಬಲ್ಲವು ಮುಖ್ಯವಾಗಿ ಬಿಳಿಕೊಳೆ ಶಿಲೀಂಧ್ರಗಳು, ಅಂದರೆ ಉನ್ನತಾಧಿಕಾರಿಗಳು. ಅವರು ಸದಾ ಪ್ರವಾಸದಲ್ಲಿರುತ್ತಾರೆ. ವಿಜ್ಞಾನಿಗಳು ಸಹ ಕೊನೆಗೆ ಕಚೇರಿಯ ದಾರಿಯನ್ನೇ ಹಿಡಿದರು: 2013ರಲ್ಲಿ ಪ್ರಕಟವಾದ ಒಂದು ವಿಧಾನದ ಪ್ರಕಾರ ಗ್ರೀನ್ ಟೀ ಮತ್ತು ರೂಯಿಬಾಸ್ ಟೀ ಚೀಲಗಳನ್ನು 8 ಸೆಂಟಿಮೀಟರ್ ಆಳದಲ್ಲಿ ಹೂತು, ಸುಮಾರು 90 ದಿನ ಬಿಟ್ಟು ತೂಗಿ, ಮಣ್ಣಿನ ಕಾರ್ಯಕ್ಷಮತೆ ಅಳೆಯುತ್ತಾರೆ. ಟೀ ಇಳಿಯದೆ ಎಲ್ಲಿಯೂ ಕೆಲಸ ಸಾಗದು.

ಮೂರನೆಯ ಆಕ್ಷೇಪ ನೈತಿಕವಾದದ್ದು: ಕಾಡಿನ ವಿಳಂಬದಿಂದ ಮರಕ್ಕೆ ಗೊಬ್ಬರ ಸಿಗುತ್ತದೆ, ಕಚೇರಿಯ ವಿಳಂಬದಿಂದ ಯಾರಿಗೆ ಏನು ಸಿಗುತ್ತದೆ? ಇಲ್ಲಿ ವಿಳಂಬದ ತತ್ತ್ವವನ್ನೇ ಅರಿಯಬೇಕು. ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಆಗುಂಬೆಯಲ್ಲಿ ಎಲೆಯೆಲ್ಲ ಬಿದ್ದ ವಾರವೇ ಕರಗಿಬಿಟ್ಟರೆ ಅದರ ಸಾರ ಬೇರಿಗೆ ಸಿಗುವ ಮೊದಲೇ ಸೀತಾ ನದಿ ಹಿಡಿದು ಅರಬ್ಬಿ ಸಮುದ್ರ ಸೇರುತ್ತಿತ್ತು. ತಡೆದು, ಹಿಡಿದಿಟ್ಟು, ಚೂರುಚೂರಾಗಿ ಬಿಡುವುದರಿಂದಲೇ ಕಾಡು ಉಳಿದಿದೆ. ಹಾಗೆಯೇ ಮಂಜೂರಾತಿಗಳೆಲ್ಲ ಒಂದೇ ದಿನ ಹೊರಬಿದ್ದರೆ ಖಜಾನೆಯ ಗತಿ ಏನು? ಅಲ್ಲದೆ ಸಂಪೂರ್ಣ ವಿಲೇವಾರಿ ಎಂಬುದು ಗಣಿತಕ್ಕೇ ಒಗ್ಗದ ಮಾತು. ಉಳಿದಿರುವ ಎಲೆಯಲ್ಲಿ ಪ್ರತಿ ಅವಧಿಗೂ ಇಂತಿಷ್ಟು ಪಾಲು ಕರಗುತ್ತದೆಂದು ಜೆರ್ರಿ ಓಲ್ಸನ್ 1963ರಲ್ಲಿ ಸೂತ್ರ ಕೊಟ್ಟ. ಆ ಪಾಲನ್ನು ಸೂಚಿಸುವ ಅಂಕಿಗೆ ‘ಕೆ’ ಎಂದು ಹೆಸರು. ನೂರು ಐವತ್ತಾಗಿ, ಐವತ್ತು ಇಪ್ಪತ್ತೈದಾಗಿ ಗೆರೆ ಬಾಗುತ್ತಲೇ ಹೋಗುತ್ತದೆ, ಸೊನ್ನೆಯನ್ನು ಮುಟ್ಟುವುದೇ ಇಲ್ಲ. ಪ್ರಗತಿ ಪರಿಶೀಲನಾ ಸಭೆಗಳಲ್ಲಿ ಬಾಕಿ ಕಡತಗಳಿಗಾಗಿ ಬೈಸಿಕೊಳ್ಳುವವರು ಈ ಸೂತ್ರವನ್ನು ಸಮಜಾಯಿಷಿಯಾಗಿ ಸಲ್ಲಿಸಬಹುದು.

ಉಳಿದದ್ದು ಆಧುನಿಕರ ಆಕ್ಷೇಪ: ಈಗ ಕಡತಗಳೆಲ್ಲ ಇ-ಆಫೀಸಿಗೆ ಹೋಗಿವೆ, ಕಾಗದವೇ ಇಲ್ಲದ ಮೇಲೆ ಈ ಸಿದ್ಧಾಂತಕ್ಕೆ ಏನು ಬೆಲೆ? ಬೆಲೆ ಇರುವುದೇ ಇಲ್ಲಿ. ಕಂಪ್ಯೂಟರಿನ ಕಡತದಲ್ಲಿ ಸೆಲ್ಯುಲೋಸ್ ಇಲ್ಲ. ಅದನ್ನು ಶಿಲೀಂಧ್ರ ಹಿಡಿಯದು, ಎರೆಹುಳು ಎಳೆಯದು, ಗೆದ್ದಲು ಮುಟ್ಟದು. ಇದುವರೆಗೆ ಅಧಿಕಾರಿ ಕೈಬಿಟ್ಟ ಕಡತಕ್ಕೂ ಪ್ರಕೃತಿಯ ಕೈಯಲ್ಲಿ ಒಂದು ಗತಿ ಕಾಣುತ್ತಿತ್ತು. ಇನ್ನು ಅದೂ ಇಲ್ಲ. ಓಲ್ಸನ್ ಸೂತ್ರದಲ್ಲಿ ಕೆ ಬೆಲೆ ಸೊನ್ನೆ ಎಂದಿಟ್ಟು ಲೆಕ್ಕ ಹಾಕಿದರೆ ಉತ್ತರ ತಾನಾಗಿಯೇ ಬರುತ್ತದೆ: ಮೊದಲ ದಿನ ಎಷ್ಟಿತ್ತೋ ಕೊನೆಯ ದಿನವೂ ಅಷ್ಟೇ. ಆದಕಾರಣ ಪ್ರತಿ ಇಲಾಖೆಯೂ ಗಣಕ ತಂತ್ರಜ್ಞರ ಜೊತೆಗೆ ಒಂದು ಗೆದ್ದಲಿನ ಹುದ್ದೆಯನ್ನೂ ಮಂಜೂರು ಮಾಡಬೇಕೆಂದು ಶಿಫಾರಸು ಮಾಡಲಾಗಿದೆ. ಪ್ರಸ್ತಾವನೆ ಸಲ್ಲಿಸಿಯಾಗಿದೆ; ಪರಿಶೀಲನೆಯಲ್ಲಿದೆ.