ಹೊಟ್ಟೆ ಸ್ಕ್ಯಾನಿನ ಕವರು: ಬಳಸುವ ಕ್ರಮ

ಒಳಗಿರುವ ಸಾಮಾನು: ಕಪ್ಪು ಫಿಲಂ ಮೂರೋ ನಾಲ್ಕೋ, ಒಂದು ಸಿ.ಡಿ., ಇಂಗ್ಲಿಷ್ ರಿಪೋರ್ಟು. ಕವರನ್ನು ಬಿಸಿಲಿಗೆ ತಲೆಯ ಮೇಲೆ ಹಿಡಿಯಬಾರದು. ಫಿಲಮ್ಮಿನಲ್ಲಿ ಗ್ರಹಣ ನೋಡಬಾರದು. ಹುಬ್ಬಳ್ಳಿ ಬಸ್ಸಿಗೆ ಸೀಟು ಹಿಡಿಯಲು ಕಿಟಕಿಯೊಳಗೆ ಟವೆಲ್ಲೇ ಒಗೆಯಿರಿ, ಇದನ್ನಲ್ಲ.

ಯಾರಿಗೆ: ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಂಡವರಿಗೆ. ಹಾನಗಲ್ಲಿರಲಿ, ಶಿಗ್ಗಾಂವಿಯಿರಲಿ, ಸವಣೂರು, ಹಿರೇಕೆರೂರಿರಲಿ, 'ಉಷ್ಣ ಆಗೇತಿ' ಎಂದು ಎಳನೀರು ಕುಡಿಸುತ್ತಾರೆ. ರಕ್ತ ತಾನಾಗಿ ನಿಲ್ಲುತ್ತದೆ, ಎಳನೀರಿಗೆ ಹೆಸರು ಬರುತ್ತದೆ, ಕಿಡ್ನಿಯಲ್ಲಿ ಗಡ್ಡೆಯಿದ್ದರೆ ಅದು ಬೆಳೆಯುತ್ತಲೇ ಇರುತ್ತದೆ. ಕಾಲು ಬಾತಿದ್ದರೆ, ವೃಷಣದ ಮೇಲಿನ ನರ ಉಬ್ಬಿ ಮಲಗಿದರೂ ಇಳಿಯದಿದ್ದರೆ ಅದನ್ನೂ ನಾಚದೆ ಹೇಳಿ.

ಕೆಲಸ ಮಾಡುವ ಬಗೆ: ಕಿಡ್ನಿ ಕ್ಯಾನ್ಸರಿಗೆ ಒಂದು ಕೆಟ್ಟ ಚಾಳಿ. ನೂರರಲ್ಲಿ 4ರಿಂದ 10 ಮಂದಿಯಲ್ಲಿ ಅದು ಅಭಿಧಮನಿಯೊಳಗೆ ನುಗ್ಗಿ, ರಕ್ತ ಹರಿಯುವ ದಿಕ್ಕಿಗೇ ಬೆಳೆಯುತ್ತದೆ. ಗಳಗನಾಥದಲ್ಲಿ ವರದೆ ತುಂಗಭದ್ರೆಯನ್ನು ಕೂಡುವಂತೆ ಕಿಡ್ನಿಯ ಅಭಿಧಮನಿ ಮಹಾಅಭಿಧಮನಿಯನ್ನು ಕೂಡುತ್ತದೆ, ಮುಂದಿನದು ಹೃದಯ. ಬಲಗಿಡ್ನಿಯಿಂದ ದಾರಿ ಗಿಡ್ಡ. ಸರ್ಜನ್ನರಿಗೆ ಬೇಕಾದದ್ದು ಗಡ್ಡೆಯ ತುದಿಯ ವಿಳಾಸ. ಕಿಡ್ನಿಯ ಅಭಿಧಮನಿಯಲ್ಲೇ ಇದ್ದರೆ ಹಂತ 0. ಮಹಾಅಭಿಧಮನಿಯಲ್ಲಿ 2 ಸೆಂ.ಮೀ. ಒಳಗಿದ್ದರೆ 1, ಅದನ್ನೂ ಮೀರಿ, ಯಕೃತ್ತಿನ ಅಭಿಧಮನಿಗಳ ಕೆಳಗೆ ನಿಂತಿದ್ದರೆ 2, ಅವುಗಳನ್ನು ಮುಟ್ಟಿದರೆ 3, ಎದೆ-ಹೊಟ್ಟೆಯ ನಡುವಿನ ವಪೆ ದಾಟಿದರೆ 4. ನಾಲ್ಕಕ್ಕೆ ಹೃದಯದ ಸರ್ಜನ್ನರೂ ಬರಬೇಕು.

ಚಾಲನೆ: ಮೊದಲು ಸೋನಾಗ್ರಫಿ, ಹೊಟ್ಟೆಯ ಗಾಳಿ ಅಡ್ಡ ಬಂದರೆ ಅದಕ್ಕೆ ಕಾಣುವುದು ಕಡಿಮೆ. ಸಿ.ಟಿ.ಗೆ ಮುಂಚೆ ಕ್ರಿಯಾಟಿನಿನ್ ಪರೀಕ್ಷೆ. ಡೈ ಚುಚ್ಚಿದಾಗ ಮೈ ಬಿಸಿಯಾಗಿ, ಮೂತ್ರ ಹೋಯಿತೇನೋ ಅನ್ನಿಸುತ್ತದೆ, ಹೋಗಿರುವುದಿಲ್ಲ. ಅವಸರದ ಚಿತ್ರ ಮೋಸ ಮಾಡುತ್ತದೆ: ಕಿಡ್ನಿಯಿಂದ ಬಂದ ಡೈ ರಕ್ತವೂ ಕಾಲಿನಿಂದ ಬಂದ ಬರಿ ರಕ್ತವೂ ಬೆರೆಯುವಲ್ಲಿ ಇಲ್ಲದ ಗಡ್ಡೆ ಕಾಣುತ್ತದೆ. ಅದಕ್ಕೇ 80–100 ಸೆಕೆಂಡಿಗೆ ಇನ್ನೊಂದು ಚಿತ್ರ. ನಾಳದೊಳಗಿನದು ಡೈ ಹೀರಿ ಬೆಳಗಿದರೆ ಗಡ್ಡೆ, ಬೆಳಗದಿದ್ದರೆ ಬಹುಮಟ್ಟಿಗೆ ಬರಿ ಹೆಪ್ಪು. ಇನ್ನೂ ಅನುಮಾನವಿದ್ದರೆ ಎಂ.ಆರ್.ಐ.

ಅವಧಿ: ತುದಿ ನಿಂತಲ್ಲಿ ನಿಲ್ಲುವುದಿಲ್ಲ. ಆಪರೇಷನ್ ಹೊತ್ತಿಗೆ ಸ್ಕ್ಯಾನ್ ತಿಂಗಳು ದಾಟಿದ್ದರೆ ಮತ್ತೆ ಮಾಡಿಸುತ್ತಾರೆ. 'ಗೋವಿನಜೋಳ ಮುರದು ಮಾರಿ ಬರ್ತೀವ್ರಿ' ಎಂದವರಿಗೂ ಇದೇ ನಿಯಮ.

ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ ಹೋಗುವಾಗ ಬಿಪಿಎಲ್ ಕಾರ್ಡು, ಆಧಾರ್, ರೆಫರಲ್ ಚೀಟಿಯ ಜೊತೆ ಸಿ.ಡಿ. ಮರೆಯಬೇಡಿ. ಫಿಲಮ್ಮಿನಲ್ಲಿರುವುದು ಆಯ್ದ ಚಿತ್ರಗಳಷ್ಟೇ.

ದೋಷ ನಿವಾರಣೆ: ರಿಪೋರ್ಟನ್ನು ಪಿ.ಯು.ಸಿ. ಓದಿದ ಅಳಿಯನಿಂದ ಓದಿಸಿದರೆ 'ನಾಳಕ್ಕ ಹೊಕ್ಕೇತಿ, ಮುಗೀತು' ಎಂಬ ಶಬ್ದ ಬರಬಹುದು. ಅದು ಯಂತ್ರದ ದೋಷವಲ್ಲ. ಬೇರೆಡೆ ಹರಡಿರದಿದ್ದರೆ ಕಿಡ್ನಿ ತೆಗೆದು, ನಾಳ ಸೀಳಿ, ಗಡ್ಡೆಯನ್ನು ಹೊರಗೆಳೆದು, ನಾಳ ಹೊಲಿಯುತ್ತಾರೆ. ದೊಡ್ಡ ಆಪರೇಷನ್ ನಿಜ. ಆಮೇಲೆ ವರ್ಷಗಟ್ಟಲೆ ಬದುಕಿದವರಿದ್ದಾರೆ. ರೋಗಿಯನ್ನು ಹೊರಗೆ ಬೆಂಚಿನ ಮೇಲೆ ಕೂಡಿಸಿ, ಒಳಗೆ ಡಾಕ್ಟರ ಜೊತೆ ಪಿಸುಗುಡುವ ಬೀಗರು-ಬಿಜ್ಜರಿಗೆ ಗ್ಯಾರಂಟಿ ಅನ್ವಯಿಸುವುದಿಲ್ಲ.