ಕದನವಿರಾಮ ಕಂಠೀರವರಿಗೆ ಬಿನ್ನವತ್ತಳೆ

ಶ್ರೀಮದ್ ರಾಜಾಧಿರಾಜ, ಶ್ವೇತಭವನ ಸಿಂಹಾಸನಾಧೀಶ್ವರ, ಕದನವಿರಾಮ ಕಂಠೀರವ, ಸುಂಕ ಸಾರ್ವಭೌಮ, ಟ್ರೂತ್ ಸೋಷಿಯಲ್ ಶಾಸನಕವಿ, ನೊಬೆಲ್ ನಿರೀಕ್ಷಣಾ ಧುರಂಧರ ಡೊನಾಲ್ಡ್ ಟ್ರಂಪ್ ಮಹಾಪ್ರಭುಗಳೇ, ವೇದಿಕೆಯ ಮೇಲಿರುವ ಹಾಗೂ ಮೇಲೇರಲು ಹವಣಿಸುತ್ತಿರುವ ಗಣ್ಯರೇ,

2025ರ ಮೇ 10ರ ಸಂಜೆಯನ್ನು ಮರೆಯುವುದುಂಟೇ! ಭಾರತ, ಪಾಕಿಸ್ತಾನ ಕದನ ನಿಲ್ಲಿಸಿದ ಸುದ್ದಿ ದೆಹಲಿ ಬಾಯಿ ಬಿಡುವ ಮೊದಲೇ ತಮ್ಮ ಮೊಬೈಲಿನಿಂದ ಉದುರಿತು. ಅಂದು ಮಧ್ಯಾಹ್ನ 3.35ಕ್ಕೆ ಪಾಕಿಸ್ತಾನದ ಸೇನಾ ಕಾರ್ಯಾಚರಣೆಯ ಮಹಾನಿರ್ದೇಶಕರು (ಡಿಜಿಎಂಒ) ನಮ್ಮ ಡಿಜಿಎಂಒಗೆ ಫೋನು ಹಚ್ಚಿ, ಐದು ಗಂಟೆಯಿಂದ ಗುಂಡು ನಿಲ್ಲಿಸಲು ಇಬ್ಬರೂ ಒಪ್ಪಿದ್ದರೆಂದು ವಿದೇಶಾಂಗ ಕಾರ್ಯದರ್ಶಿ ವಿಕ್ರಂ ಮಿಸ್ರಿ ಹೇಳಿದರು. ಇರಲಿ ಬಿಡಿ. ಮದುವೆ ಕುದುರಿಸಿದವರು ಯಾರಾದರೇನು, ಮೆರವಣಿಗೆಯಲ್ಲಿ ಓಲಗದವರೇ ಮುಂದೆ.

ಆಮೇಲೆ ಓಲಗ ನಿಂತಿದ್ದರೆ ತಾನೇ! ವ್ಯಾಪಾರ ನಿಲ್ಲಿಸುತ್ತೇನೆಂದು ಹೆದರಿಸಿ ಯುದ್ಧ ನಿಲ್ಲಿಸಿದೆ ಎಂದು ಹೋದಲ್ಲೆಲ್ಲ ಊದಿದಿರಿ. ಆಗಸ್ಟಿನಲ್ಲಿ ನಮ್ಮ ಸರಕಿನ ಮೇಲೆ ಶೇ. 50ರ ಸುಂಕವನ್ನೂ ಜಡಿದಿರಿ.

ತಮ್ಮ ಪೀಠದ ಶಾಂತಿಸೇವೆ ಹಳೆಯದು. 1954ರ ಒಪ್ಪಂದದ ಮೇಲೆ ಪಾಕಿಸ್ತಾನಕ್ಕೆ ಪ್ಯಾಟನ್ ಟ್ಯಾಂಕು ಕೊಟ್ಟಿರಿ, ಕಮ್ಯುನಿಸ್ಟರನ್ನು ತಡೆಯಲಿಕ್ಕೆ ಎಂದಿರಿ. 1965ರ ಭಾರತ–ಪಾಕ್ ಯುದ್ಧದಲ್ಲಿ ಅವು ಪಂಜಾಬಿನ ಅಸಲ್ ಉತ್ತರದ ಕೆಸರಿನಲ್ಲಿ ಹೂತು ನಿಂತವು. ಅಲ್ಲಿ ಕಮ್ಯುನಿಸ್ಟರಿರಲಿಲ್ಲ ಸ್ವಾಮಿ, ಕಬ್ಬಿತ್ತು. 1971ರ ಬಾಂಗ್ಲಾ ಯುದ್ಧದಲ್ಲಿ ಎಂಟರ್‌ಪ್ರೈಸ್ ಹಡಗನ್ನು ಬಂಗಾಳ ಕೊಲ್ಲಿಗೆ ಅಟ್ಟಿದ್ದೂ ಶಾಂತಿಗಾಗಿಯೇ ಇರಬೇಕು! ಇದ್ದದ್ದು ಇದ್ದ ಹಾಗೆ ಹೇಳುವುದಾದರೆ, 1999ರ ಜುಲೈ 4ರಂದು ಬ್ಲೇರ್ ಹೌಸಿನಲ್ಲಿ ಪಾಕ್ ಪ್ರಧಾನಿ ನವಾಜ್ ಷರೀಫರನ್ನು ಕೂರಿಸಿಕೊಂಡು, ಕಾರ್ಗಿಲ್‌ನಿಂದ ಸೇನೆ ವಾಪಸು ಕರೆಸಿ ಎಂದು ಕ್ಲಿಂಟನ್ ಗದರಿದ್ದರಲ್ಲ, ಅದು ಕೆಲಸ. ಅವರು ದಿನಾ ಡಂಗುರ ಹೊಡೆಯಲಿಲ್ಲ.

2025ರ ಆ ಕದನದ ವೇಳೆ, ಮೇ 7ರ ಬೆಳಿಗ್ಗೆ ಜಮ್ಮು-ಕಾಶ್ಮೀರದ ಪೂಂಛ್‌ನಲ್ಲಿ ಶೆಲ್ಲು ಬಿದ್ದು ಮಕ್ಕಳು ಸತ್ತರು. ಆಗ ಎಲ್ಲಿದ್ದಿರಿ ನೀವೆಲ್ಲ? ನೀವೂ, ಸ್ಟುಡಿಯೋದ ಕುರ್ಚಿಯಿಂದಲೇ ಕರಾಚಿ ಬಂದರು ಸುಟ್ಟ ನಮ್ಮ ಟಿವಿ ಶೂರರೂ? ಸತ್ತವರ ಮನೆಯಲ್ಲಿ ಸೂತಕ ಕಳೆಯುವ ಮೊದಲೇ ನಿಮಗೆ ಹಾರ ಬೇಕಾಯಿತೇ?

ಕ್ಷಮಿಸಿ. ಬರೆದುಕೊಟ್ಟ ಭಾಷಣದಲ್ಲಿ ಇದು ಇರಲಿಲ್ಲ.

ಮಹಾಪ್ರಭುಗಳೇ, ಪಾಕಿಸ್ತಾನ ಸರ್ಕಾರ ಜೂನ್‌ನಲ್ಲೇ ತಮ್ಮ ಹೆಸರನ್ನು ನೊಬೆಲ್‌ಗೆ ಸೂಚಿಸಿತು. ಓಸ್ಲೋದವರು 2025ರ ಪ್ರಶಸ್ತಿಯನ್ನು ಬೇರೆಯವರ ಕೈಗಿಟ್ಟರು. ನಮ್ಮ ಸನ್ಮಾನ ಸಮಿತಿಯ ಕೈಲಾದದ್ದು ಹಾವೇರಿಯ ಒಂದು ಏಲಕ್ಕಿ ಹಾರ, ಒಂದು ಮೈಸೂರು ಪೇಟ. ಪೇಟದ ಅಳತೆಯನ್ನು ಕೂದಲು ಸೇರಿಸಿ ಕೊಡಬೇಕೋ, ಬಿಟ್ಟೋ, ತಿಳಿಸೋಣವಾಗಲಿ. ಪಾರ್ಸಲ್ಲಿಗೆ ಸುಂಕವೇನಾದರೂ ಬಿದ್ದರೆ ತಾವೇ ಕಟ್ಟಿಕೊಳ್ಳತಕ್ಕದ್ದು.